ಅತ್ತೆ ಸಮುದ್ರಕ್ಕೆ ಇಳಿದ ದಿನ

ನಮ್ಮ ಮದುವೆಯಾಗಿ ಎಂಟು ತಿಂಗಳಾಗಿತ್ತು. ನನ್ನ ಗಂಡ ಹೈದರಾಬಾದಿನ ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ವರ್ಷ ಅವರಿಗೆ ಎಲ್‌ಟಿಸಿ ಬಂತು. ಕುಟುಂಬದವರೊಂದಿಗೆ ಯಾವುದಾದರೂ ದೂರದ ಊರು ನೋಡಿ ಬಂದರೆ ರೈಲಿನ ಖರ್ಚನ್ನು ಕಾರ್ಖಾನೆಯೇ ಕೊಡುತ್ತಿತ್ತು. ಒಂದು ಸಂಜೆ ಶಿಫ್ಟ್ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ, "ವಿಶಾಖಪಟ್ಟಣಕ್ಕ ಹೋಗೂಣು. ಸಮುದ್ರ ನೋಡೂಣು" ಎಂದರು. ನಾನು ಬಿಜಾಪುರದ ಕಡೆಯವಳು. ಯುಗಾದಿ ದಾಟಿತೆಂದರೆ ಬಾವಿಯ ತಳ ಕಾಣುವ ಊರು ನಮ್ಮದು. ಸಮುದ್ರವನ್ನು ನಾನು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಆ ರಾತ್ರಿ ಊಟಕ್ಕೆ ಬಡಿಸುವಾಗ ಅವರ ತಟ್ಟೆಗೆ ಎರಡು ಸಲ ತುಪ್ಪ ಹಾಕಿದೆನಂತೆ, ಅವರೇ ಹೇಳಿ ನಕ್ಕರು.

ಎರಡು ದಿನ ಬಿಟ್ಟು ಅವರು ತುಂಬಿದ ಅರ್ಜಿ ನೋಡಿದೆ. ಅದರಲ್ಲಿ ಮೂರು ಹೆಸರುಗಳಿದ್ದವು. ಮೂರನೆಯದು ಅತ್ತೆಯದು.

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂದುಬಿಡುತ್ತದೆಂದು ಹೆದರಿಕೆ. ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲನಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಮದುವೆಯಾದಂದಿನಿಂದ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಜಗಳಗಂಟಿಯೂ ಅಲ್ಲ. ಆದರೆ ಅವರಿಗೂ ನನಗೂ ನಡುವೆ ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. "ಉಪ್ಪು ಹಾಕೀ?" "ಹಾಕೀನ್ರಿ." "ನಳ ಬಂತೇನು?" "ಇನ್ನೂ ಇಲ್ರಿ." ನಮ್ಮ ಕಾಲನಿಗೆ ದಿನ ಬಿಟ್ಟು ದಿನ ನೀರು. ಅತ್ತೆ ಬಚ್ಚಲಿನ ತೊಟ್ಟಿಯ ಮೇಲೆ ಹಲಗೆ ಮುಚ್ಚಿ, ಯಾವುದಕ್ಕೆ ಎಷ್ಟು ಚೆಂಬು ಎಂದು ಮನಸ್ಸಿನಲ್ಲೇ ಲೆಕ್ಕವಿಟ್ಟಿದ್ದರು. ನಾನು ತಲೆಗೆ ಸ್ನಾನ ಮಾಡುವ ದಿನ ಬಚ್ಚಲ ಬಾಗಿಲಿನ ಆಚೆ ಅವರು ಓಡಾಡುವ ಸಪ್ಪಳ ಕೇಳಿಸುತ್ತಿತ್ತು. ಆ ಸಪ್ಪಳಕ್ಕೇ ನಾನು ಒಂದು ಚೆಂಬು ಕಡಿಮೆ ಸುರಿದುಕೊಳ್ಳುತ್ತಿದ್ದೆ.

ಊರಿಗೆ ಅವ್ವನಿಗೆ ಕಾಗದ ಬರೆದು ಸಂಕಟ ತೋಡಿಕೊಂಡೆ. ಅವ್ವನ ಉತ್ತರ ಒಂದೇ ಕಾರ್ಡಿನಲ್ಲಿ ಬಂತು. "ಸಮುದ್ರ ಭಾಳ ದೊಡ್ಡದೈತಿ ಅಂತಾರ. ಮೂರು ಮಂದಿಗೆ ಸಾಕಾಕ್ಕೈತಿ. ಸುಮ್ಮ ಹೋಗಿ ಬಾ."

ಆಗ ವಿಶಾಖಪಟ್ಟಣವೂ ಹೈದರಾಬಾದೂ ಒಂದೇ ರಾಜ್ಯ. ಸಿಕಂದರಾಬಾದಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ. ಅತ್ತೆ ಮೂರು ದಿನಕ್ಕಾಗುವಷ್ಟು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಅವಲಕ್ಕಿ ಕಟ್ಟಿಕೊಂಡಿದ್ದರು. ರೈಲಿನಲ್ಲಿ ನಡುವಿನ ಸೀಟಿನಲ್ಲಿ ಅವರು, ಆಚೆಗೆ ಮಗ, ಈಚೆಗೆ ನಾನು. ಕಿಟಕಿಯ ಪಕ್ಕ ಕೂತ ನನಗೆ ಗಂಡನ ಮೊಣಕಾಲು ಮಾತ್ರ ಕಾಣುತ್ತಿತ್ತು.

ಬೀಚ್ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಲಾಡ್ಜ್ ಸಿಕ್ಕಿತು. ಒಂದು ಕೋಣೆ, ಸಾಲಾಗಿ ಮೂರು ಮಂಚ. ಅತ್ತೆ ಒಳಗೆ ಬಂದವರೇ ಗೋಡೆಯ ಕಡೆಯ ಮಂಚದ ಮೇಲೆ ತಮ್ಮ ಚೀಲ ಇಟ್ಟು, ಮುಖ ಗೋಡೆಗೆ ಮಾಡಿ ಮಲಗಿ ನೋಡಿ, "ನನಗ ಇದು ಸಾಕು" ಎಂದರು.

ಅಂದು ಸಂಜೆ ರಾಮಕೃಷ್ಣ ಬೀಚಿಗೆ ಹೋದೆವು. ಅಷ್ಟು ಜನರನ್ನು ನಾನು ಜಾತ್ರೆ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಬಲೂನು, ಪೀಪಿ, ಕುದುರೆ ಸವಾರಿ, ಕೆಂಡದ ಮೇಲೆ ಸುಡುವ ಮೆಕ್ಕೆಜೋಳದ ವಾಸನೆ, ಕಾಗದದ ಪೊಟ್ಟಣದಲ್ಲಿ ಈರುಳ್ಳಿ ನಿಂಬೆಹುಳಿ ಹಾಕಿ ಕಲಸಿ ಕೊಡುವ ಮಂಡಕ್ಕಿ. ಅದಕ್ಕೆ ಅಲ್ಲಿ ಮುರಿ ಮಿಕ್ಚರ್ ಎನ್ನುತ್ತಿದ್ದರು. ಹೊಸ ಜೋಡಿಗಳು ನೀರಿನ ಅಂಚಿನಲ್ಲಿ ಕೈ ಹಿಡಿದು ನಿಂತು, ಅಲೆ ಬಂದಾಗ ಕೂಗಿ ಹಿಂದೆ ಓಡುತ್ತಿದ್ದರು. ಎಲ್ಲಕ್ಕೂ ಹಿಂದೆ ಸಮುದ್ರ. ಅದು ಅಷ್ಟು ಎತ್ತರಕ್ಕೆ ನಿಂತಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಅದು ಚಾಪೆಯ ಹಾಗೆ ಹಾಸಿಕೊಂಡಿತ್ತು.

ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಮುಂದೆ ಹೋದೆ. ಹಿಂದಿನಿಂದ ಅತ್ತೆಯ ದನಿ ಬಂತು.

"ಅಮಾಸಿ, ಹುಣ್ಣಿವಿ ಬಿಟ್ಟು ಸಮುದ್ರ ಮುಟ್ಟಬಾರದು. ಇವತ್ತು ಬರೇ ಷಷ್ಠಿ."

ನಾನು ಗಂಡನ ಮುಖ ನೋಡಿದೆ. ಅವರು ತಾಯಿಯ ಮುಖ ನೋಡಿದರು. "ಕಾಲಿಗಷ್ಟ ಅವ್ವಾ" ಎಂದರು.

"ಕಾಲಂದ್ರೂ ಮುಟ್ಟಿದಂಗ ಅಲ್ಲೇನು? ಹಿರ್‍ಯಾರು ಸುಮ್ಮ ಹೇಳಿಲ್ಲ."

ಹೀಗೆ ನಾವು ಮೂವರೂ ಸಮುದ್ರದಿಂದ ಹತ್ತು ಮಾರು ದೂರದಲ್ಲಿ ಮರಳಿನ ಮೇಲೆ ಸಾಲಾಗಿ ಕೂತೆವು. ಗಂಡ ಬೇಸರಕ್ಕೋ ಏನೋ ಮೆಣಸಿನಕಾಯಿ ಬಜ್ಜಿಯನ್ನು ತಟ್ಟೆಯ ಮೇಲೆ ತಟ್ಟೆ ತರಿಸಿ ತಿಂದರು. ನಾನು ಒಂದನ್ನೂ ಮುಟ್ಟಲಿಲ್ಲ. ಅತ್ತೆ ಯಾವ ಕಡೆಗೂ ತಿರುಗದೆ ಕತ್ತಲಾಗುವವರೆಗೆ ನೀರನ್ನೇ ನೋಡುತ್ತಿದ್ದರು. ಅವರಿಗೆ ಎಷ್ಟು ಬೇಜಾರಾಗಿರಬೇಡ, ಆದರೂ ಬಂದು ನಮ್ಮ ನಡುವೆ ಕೂತಿದ್ದಾರಲ್ಲ ಎಂದುಕೊಂಡೆ. ಆ ಹೊತ್ತಿನಲ್ಲಿ ಅವರ ಬಗ್ಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಒಳ್ಳೆಯ ಮಾತುಗಳಲ್ಲ.

ಮರುದಿನ ಬೆಳಿಗ್ಗೆ ಬಜ್ಜಿ ತನ್ನ ಕೆಲಸ ಮಾಡಿತ್ತು. ಗಂಡ ಹೊಟ್ಟೆ ಹಿಡಿದುಕೊಂಡು ಮಂಚಕ್ಕೂ ಬಚ್ಚಲಿಗೂ ಓಡಾಡಿ ಸೋತು ಮಲಗಿದರು. ಅತ್ತೆ ಚೀಲದಿಂದ ಅಜವಾನ ತೆಗೆದು ಬಿಸಿನೀರಿನಲ್ಲಿ ಕೊಟ್ಟರು. ಲಾಡ್ಜಿನ ಅಡುಗೆಯವನಿಗೆ ಹೇಳಿ ಅನ್ನದ ಗಂಜಿ ಮಾಡಿಸಿದರು. ಹತ್ತು ಗಂಟೆಯ ಹೊತ್ತಿಗೆ ಗಂಡನಿಗೆ ಸ್ವಲ್ಪ ನಿದ್ದೆ ಹತ್ತಿತು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಅತ್ತೆ ನನ್ನನ್ನೇ ನೋಡುತ್ತಿರುವುದು ಗೊತ್ತಾಯಿತು.

"ಅವ ಇನ್ನ ಮಧ್ಯಾಹ್ನದ ತನಕ ಏಳಂಗಿಲ್ಲ" ಎಂದರು. "ಅಷ್ಟು ದೂರದಿಂದ ಬಂದು ಗ್ವಾಡಿ ನೋಡಿಕೋತ ಕುಂದ್ರೂದೇನು? ನಡೀ, ತಿರಗ್ಯಾಡಿ ಬರೂಣು."

ಕೆಳಗೆ ಮೇಜಿನ ಹಿಂದೆ ಕೂತ ಮುದುಕ, ಗದ್ದಲ ಬೇಡವಾದರೆ ಉತ್ತರದ ಕಡೆ ನಡೆಯಿರಿ, ರಸ್ತೆ ಬಾಗುವಲ್ಲಿ ಲಾಸನ್ಸ್ ಬೇ ಇದೆ, ಅಲ್ಲಿ ಬೆಸ್ತರ ದೋಣಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ ಎಂದ. ನಡೆದೆವು. ಅತ್ತೆ ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಬಿಸಿಲು ಏರಿತ್ತು. ಅರ್ಧ ದಾರಿಯಲ್ಲಿ ಅತ್ತೆ ನಿಂತು, ತಮ್ಮ ಸೆರಗಿನ ಮೇಲೆ ಹೊದ್ದಿದ್ದ ಒದ್ದೆ ಟವೆಲನ್ನು ತೆಗೆದು ನನ್ನ ತಲೆಗೆ ಹಾಕಿದರು. ಮತ್ತೆ ಮುಂದೆ ನಡೆದರು.

ಬಾಗು ದಾಟಿದೊಡನೆ ಗದ್ದಲ ನಿಂತಿತು. ನಿನ್ನೆ ಗುಡುಗುತ್ತಿದ್ದ ಸಮುದ್ರವೇ ಇಲ್ಲಿ ಬಂದು ತಗ್ಗಿದ ದನಿಯಲ್ಲಿ ಮಾತಾಡುತ್ತಿತ್ತು. ದಡದ ಮೇಲೆ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮಾಡಿದ ತೆಪ್ಪಗಳು, ಹರಡಿದ ಬಲೆಗಳು. ಒಂದು ಕಡೆ ಕರಿಬಂಡೆಗಳು ಸಮುದ್ರದೊಳಕ್ಕೆ ಚಾಚಿಕೊಂಡು, ನಡುವೆ ನಮ್ಮ ಕಾಲನಿಯ ಆಟದ ಮೈದಾನದಷ್ಟು ನೀರನ್ನು ತಡೆದು ಹಿಡಿದಿದ್ದವು. ಅಲೆ ಬಂಡೆಯ ಆಚೆಗೇ ಒಡೆಯುತ್ತಿತ್ತು. ಈಚೆಗಿನ ನೀರು ಬರೀ ಉಸಿರಾಡುವ ಹಾಗೆ ಏರಿ ಇಳಿಯುತ್ತಿತ್ತು.

ಒಬ್ಬಳು ಬೆಸ್ತರ ಹೆಂಗಸು ತೆಪ್ಪದ ನೆರಳಿನಲ್ಲಿ ಕೂತು ಬಲೆ ಹೊಲಿಯುತ್ತಿದ್ದಳು. ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಅತ್ತೆ ಹೋಗಿ ಅವಳ ಪಕ್ಕದಲ್ಲೇ ಕೂತರು. ನನಗೆ ಆಶ್ಚರ್ಯವಾಯಿತು. ಮಾತಿಗೆಂದು ಅತ್ತೆ ಯಾರ ಪಕ್ಕದಲ್ಲೂ ಹೋಗಿ ಕೂತದ್ದನ್ನು ನಾನು ನೋಡಿರಲಿಲ್ಲ. ಹೈದರಾಬಾದಿನಲ್ಲಿ ಕಲಿತ ತೆಲುಗಿನಲ್ಲಿ ಏನೋ ಕೇಳಿದರು. ಮಾತಿಗೊಮ್ಮೆ ಉರ್ದುವಿನ "ಜರ" ಎಂದು ಸೇರಿಸುವ ಆ ತೆಲುಗು ಕೇಳಿ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಅತ್ತೆ ಕೇಳಿದ್ದು, ಆ ಬಂಡೆಗಳ ನಡುವಿನ ನೀರು ಎಷ್ಟು ಆಳ ಎಂದು.

"ಇಕ್ಕಡ ಲೋತು ಲೇದಮ್ಮಾ" ಎಂದಳು ಅವಳು. ಇಲ್ಲಿ ಆಳವಿಲ್ಲ, ಎದೆಮಟ್ಟ ಬಂದರೆ ಹೆಚ್ಚು, ಬಂಡೆ ದಾಟಿ ಮಾತ್ರ ಹೋಗಬೇಡಿ ಎಂದು ಕೈಯಿಂದ ತೋರಿಸಿದಳು.

ಅತ್ತೆ ಎದ್ದು ನಿಂತರು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಚೀಲವನ್ನೂ ಕೊಟ್ಟರು. ಸೆರಗನ್ನು ಸೊಂಟಕ್ಕೆ ಸುತ್ತಿ, ಕಚ್ಚೆ ಹಾಕಿದ ಹಾಗೆ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿದರು.

"ಅತ್ಯಾ, ಇವತ್ತು ಸಪ್ತಮಿ ಅಲ್ರಿ?" ಎಂದೆ. ನಿಜ ಹೇಳುತ್ತೇನೆ, ನಿನ್ನೆಯ ಸಿಟ್ಟು ಆ ಮಾತಿನಲ್ಲಿ ಸ್ವಲ್ಪ ಇತ್ತು.

ಅವರು ನೀರಿನ ಕಡೆ ನೋಡಿದರು. "ಇದೇನು ಸಮುದ್ರೇನು? ಬಂಡಿ ನಡುವ ನಿಂತ ನೀರು. ಕೆರಿ ಇದ್ದಂಗ" ಎಂದು ಇಳಿದೇಬಿಟ್ಟರು.

ಸೊಂಟದ ಮಟ್ಟ ಬಂದಾಗ ನಿಂತರು. ಒಂದು ಬೊಗಸೆ ನೀರೆತ್ತಿ ಕಣ್ಣಿಗೊತ್ತಿಕೊಂಡರು. ಮತ್ತೆ ನಾನು ನೋಡುತ್ತಿದ್ದಂತೆ ಮೊಣಕಾಲು ಮಡಿಚಿ, ಹಿಂದಕ್ಕೆ ವಾಲಿ, ಹಾಸಿಗೆಯ ಮೇಲೆ ಒರಗಿದಷ್ಟು ಸಲೀಸಾಗಿ ನೀರಿನ ಮೇಲೆ ಮಲಗಿದರು. ನನ್ನ ಬಾಯಿಂದ "ಅತ್ಯಾ" ಎಂದು ಕೂಗು ಹೊರಟಿತು. ಅವರು ಮುಳುಗಲಿಲ್ಲ. ಕಣ್ಣು ಮುಚ್ಚಿಕೊಂಡು, ಎರಡೂ ಕೈ ಚಾಚಿ, ಏರುವ ನೀರಿನೊಂದಿಗೆ ಏರಿ ಇಳಿಯುವ ನೀರಿನೊಂದಿಗೆ ಇಳಿದು ತೇಲುತ್ತಿದ್ದರು. ಕೂದಲು ಬಿಚ್ಚಿ ಸುತ್ತಲೂ ಹರಡಿತು. ಆಮೇಲೆ ಮಗುಚಿ ನಾಲ್ಕು ಕೈ ಬೀಸಿದರು. ಆಚೆಯ ಬಂಡೆ ಮುಟ್ಟಿ ತಿರುಗಿ ಬಂದರು. ಬಲೆ ಹೊಲಿಯುತ್ತಿದ್ದ ಹೆಂಗಸು ಕೆಲಸ ಬಿಟ್ಟು ಎದ್ದು ನಿಂತಿದ್ದಳು. ನಮ್ಮಲ್ಲಿ ಗಂಡಸರೇ ಈಜುವುದು, ನನಗೂ ಬರುವುದಿಲ್ಲ ಎಂದಳು.

ದಡಕ್ಕೆ ಬಂದು ಅತ್ತೆ ಏದುಸಿರು ಬಿಡುತ್ತ ನನ್ನನ್ನು ನೋಡಿ ನಕ್ಕರು. ಅವರ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲದ್ದು ನನಗೆ ಗೊತ್ತಾದದ್ದು ಅಂದೇ.

"ನಮ್ಮೂರು ಕೃಷ್ಣಾ ಹೊಳಿ ದಂಡಿ ಮ್ಯಾಲೈತಿ" ಎಂದರು. "ಬೆನ್ನಿಗೆ ಸೋರಿ ಬುರುಡಿ ಕಟ್ಟಿ ನಮ್ಮಪ್ಪನೇ ಈಸು ಕಲಿಸಿದ್ದ. ಬ್ಯಾಸಗ್ಯಾಗ ನಡುಗಡ್ಡಿಗೆ ಈಸಿ ಹೋಗಿ ಕಲ್ಲಂಗಡಿ ತಿಂದು ಬರತಿದ್ವಿ. ಹದಿನಾಲ್ಕಕ್ಕ ಲಗ್ನಾತು. ಹೈದರಾಬಾದಿಗೆ ಬಂದ್ಯಾ. ಆಮ್ಯಾಗ ಚೆಂಬಿನ ನೀರಷ್ಟ."

"ಮಾವನವರಿಗೆ ಗೊತ್ತಿತ್ತೇನ್ರಿ?"

"ಹೇಳಿದ್ದೆ. ಒಮ್ಮೆ ಹುಸೇನಸಾಗರದ ಕಟ್ಟಿ ಮ್ಯಾಲೆ ಕರಕೊಂಡು ಹೋಗಿದ್ರು. ಇದನ್ನ ಈಸತೀ ಏನು ಅಂತ ಕೇಳಿದ್ರು. ಈಸತೀನಿ ಅಂದೆ. ಭಾಳ ನಕ್ರು. ಬರೂ ಬ್ಯಾಸಗಿಗೆ ನಿಮ್ಮೂರ ಹೊಳಿಗೇ ಹೋಗೂಣು, ನಾನೂ ನೋಡತೀನಿ ಅಂದಿದ್ರು." ಅತ್ತೆ ಕೂದಲು ಹಿಂಡಿದರು. "ಬ್ಯಾಸಗಿ ಬಂತು. ಅವರು ಇರಲಿಲ್ಲ."

ಮಾವ ತೀರಿಕೊಂಡಾಗ ನನ್ನ ಗಂಡ ಮೂರನೇ ಕ್ಲಾಸಿನಲ್ಲಿದ್ದರೆಂದು ನನಗೆ ಗೊತ್ತಿತ್ತು. ಉಳಿದದ್ದೇನೂ ಗೊತ್ತಿರಲಿಲ್ಲ.

ಅತ್ತೆಯೇ ಮತ್ತೆ ಹೇಳಿದರು. "ನಾ ಬರಂಗಿಲ್ಲ ಅಂದಿದ್ದೆ. ಹೊಸದಾಗಿ ಲಗ್ನ ಆದವರು ನೀವು, ನಡುವ ನಾ ಯಾಕ ಅಂತ. ಅವ ಕೇಳಲಿಲ್ಲ. ಅವ್ವ ಸಮುದ್ರ ನೋಡಿಲ್ಲ ಅಂದ. ನಿನಗ ಬ್ಯಾಸರಾಗೈತಿ. ನನಗ ತಿಳೀತೈತಿ."

ನಾನು ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಸುಳ್ಳು ಬರಲಿಲ್ಲ. ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸುತ್ತ ಕೂತೆ. ಅಳು ಬಂತು. ಅವರು ಅದನ್ನು ನೋಡಿಯೂ ನೋಡದವರ ಹಾಗೆ ನನ್ನ ಕೈ ಹಿಡಿದು ಎಬ್ಬಿಸಿದರು. "ಬಾ. ನೀನೂ ಇಳಿ."

"ನನಗ ಅಂಜಿಕಿ ಬರತೈತ್ರಿ."

"ನಾ ಅದೀನಿ."

ನೀರು ಬೆಚ್ಚಗಿತ್ತು. ಅತ್ತೆ ನನ್ನ ಬೆನ್ನಿನ ಕೆಳಗೆ ಒಂದು ಕೈ, ತಲೆಯ ಕೆಳಗೆ ಒಂದು ಕೈ ಕೊಟ್ಟು ಮಲಗಿಸಿದರು. "ಕುತ್ತಿಗಿ ಸಡಿಲ ಬಿಡು. ಹಲ್ಲು ಕಚ್ಚಬ್ಯಾಡ. ಮ್ಯಾಲೆ ನೋಡು." ನಾನು ಕಲ್ಲಿನ ಹಾಗೆ ಬಿಗಿದುಕೊಂಡಿದ್ದೆ. ಕಿವಿಯೊಳಗೆ ನೀರು ಹೋಗಿ ಅವರ ಮಾತು ಎಲ್ಲೋ ದೂರದಿಂದ ಕೇಳಿದ ಹಾಗಿತ್ತು. ಕೈ ಸ್ವಲ್ಪ ಸಡಿಲವಾದರೂ ಮುಳುಗುತ್ತಿದ್ದೆ. ಹತ್ತು ಸಲ ಮಾಡಿದರೂ ಅದೇ. ಅವರಿಗೆ ನಗು ತಡೆಯಲಾಗಲಿಲ್ಲ, ನನಗೂ ಕೊನೆಗೆ ತಡೆಯಲಾಗಲಿಲ್ಲ. "ಆತು ಬಿಡು, ನಾನೇ ಹಿಡದಿರತೀನಿ" ಎಂದು ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತರು. ಮೇಲೆ ಬಿಳಿ ಆಕಾಶ, ಅದರ ಅಂಚಿನಲ್ಲಿ ಅತ್ತೆಯ ಗಲ್ಲ. ನನಗೆ ತೇಲುವುದು ಇವತ್ತಿಗೂ ಬರುವುದಿಲ್ಲ.

ಮೇಲೆ ಬಂದಾಗಲೇ ಇಬ್ಬರಿಗೂ ತಿಳಿದದ್ದು, ಬದಲಿ ಬಟ್ಟೆ ತಂದಿಲ್ಲವೆಂದು. ಆ ಬೆಸ್ತರ ಹೆಂಗಸು ನಮ್ಮನ್ನು ದಡದ ಮೇಲಿನ ತನ್ನ ಗುಡಿಸಲಿಗೆ ಕರೆದುಕೊಂಡು ಹೋಗಿ ತನ್ನ ಎರಡು ಸೀರೆ ಕೊಟ್ಟಳು. ನಮ್ಮವನ್ನು ಹಿಂಡಿ ತೆಪ್ಪದ ಮೇಲೆ ಹರವಿದಳು. ನನಗೆ ಸಿಕ್ಕದ್ದು ಚೌಕಳಿಯ ಹಳೆಯ ನೂಲಿನ ಸೀರೆ. ಅತ್ತೆಗೆ ಸಿಕ್ಕದ್ದು ಎಲೆಹಸಿರು, ಮೈತುಂಬ ಹಳದಿ ಹೂವು. ಮಾವ ಹೋದಂದಿನಿಂದ ಅತ್ತೆ ಬೂದು, ಕಂದು ಬಿಟ್ಟು ಬೇರೆ ಬಣ್ಣ ಉಟ್ಟವರಲ್ಲ. ಅದನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ಹೆಂಗಸಿಗೆ ಅದು ಅರ್ಥವಾಗಿ ಬೇರೆ ಹುಡುಕಲು ತಿರುಗಿದಳು. ಅವಳ ಹಗ್ಗದ ಮೇಲೆ ಇನ್ನೊಂದು ಇರಲಿಲ್ಲ.

"ಇರಲಿ, ಇದ ಚಲೋ ಐತಿ" ಎಂದು ಅತ್ತೆ ಕನ್ನಡದಲ್ಲೇ ಹೇಳಿ ಉಟ್ಟುಕೊಂಡರು.

ಗುಡಿಸಲಿನ ನೆರಳಿನಲ್ಲಿ ಒಂದು ತಾಸು ಕೂತೆವು. ಒಣಮೀನಿನ ವಾಸನೆ ಮೂಗಿಗೆ ಬರುತ್ತಿತ್ತು. ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಮೂವರೂ ಹಂಚಿಕೊಂಡು ತಿಂದೆವು. ಶೇಂಗಾ ಚಟ್ನಿ ಆ ಹೆಂಗಸಿಗೆ ಬಹಳ ಹಿಡಿಸಿತು. ಅತ್ತೆ ಡಬ್ಬಿಯನ್ನೇ ಕೊಟ್ಟುಬಿಟ್ಟರು. ನಾನು ಓರೆಗಣ್ಣಿನಲ್ಲಿ ಮತ್ತೆ ಮತ್ತೆ ಅವರನ್ನು ನೋಡುತ್ತಿದ್ದೆ. ಒದ್ದೆ ಕೂದಲು ಬೆನ್ನಿನ ಮೇಲೆ, ಹಸಿರು ಸೀರೆ, ಬಿಸಿಲಿಗೆ ಕೆಂಪಾದ ಮುಖ. ಆಗ ಅವರಿಗೆ ವಯಸ್ಸಾದರೂ ಎಷ್ಟು, ಐವತ್ತು ತುಂಬಿರಲಿಲ್ಲ. ಮನೆಯಲ್ಲಿ ನಾನು ಅವರನ್ನು ಮುದುಕಿಯೆಂದೇ ತಿಳಿದಿದ್ದೆ.

ಅವರು ಒಮ್ಮೆ ಮೊಣಕಾಲ ಮೇಲಿನ ಹಸಿರನ್ನು ಅಂಗೈಯಿಂದ ಸವರಿದರು. ನಾನು ನೋಡಿದ್ದನ್ನು ಕಂಡು ಕೈ ತೆಗೆದು, "ಹೋಗು, ಸೀರಿ ಒಣಗ್ಯಾವೇನು ನೋಡು" ಎಂದರು. ನಾನು ಹೋಗಿ ಮುಟ್ಟಿ ನೋಡಿದೆ. ಒಣಗಿದ್ದವು. "ಇನ್ನೂ ಹಸಿ ಅದಾವ್ರಿ" ಎಂದು ಬಂದು ಕೂತೆ.

ಹಿಂತಿರುಗುವ ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು. "ಅವನ ಮುಂದ ಹೇಳಬ್ಯಾಡ. ಅಂಜತಾನ. ಆಮ್ಯಾಗ ನನ್ನ ನೀರಿನ ಹತ್ರ ಬಿಡಂಗಿಲ್ಲ."

ಗಂಡ ಎದ್ದು ಕೂತಿದ್ದರು. ನಮ್ಮ ತಲೆ ನೋಡಿ, "ಇಬ್ಬರದೂ ಕೂದಲ ಯಾಕ ಹಸಿ?" ಎಂದರು.

"ಅಲಿ ಹೊಡೀತು" ಎಂದರು ಅತ್ತೆ.

"ಹತ್ತು ಮಾರು ದೂರ ಕುಂದ್ರೂವರಿಗೆ ಅಲಿ ಹೊಡೀತೇನು?"

"ಹೊಡೀತು. ನೀ ಮಜ್ಜಿಗಿ ಕುಡದಿಯೇನು?"

ಮೂರನೆಯ ದಿನ ಸಂಜೆ ಅತ್ತೆ ಕಾಲು ನೋಯುತ್ತದೆಂದು ಮಂಚ ಬಿಟ್ಟು ಏಳಲಿಲ್ಲ. ನೀವಿಬ್ಬರೇ ಹೋಗಿಬರ್‍ರಿ, ಬಜ್ಜಿ ಮಾತ್ರ ತಿನ್ನಿಸಬೇಡ ಎಂದು ನನಗೆ ಹೇಳಿದರು. ರಾಮಕೃಷ್ಣ ಬೀಚಿನ ಅದೇ ಗದ್ದಲದೊಳಗೆ ನಾವಿಬ್ಬರೂ ನಡೆದೆವು. ನಾನು ಚಪ್ಪಲಿ ಬಿಟ್ಟು ನೇರ ಅಲೆಯ ಅಂಚಿಗೆ ಹೋಗಿ ನಿಂತೆ. ಅವರು ಹಿಂದೆಯೇ ಬಂದು, "ಅವ್ವ ಏನಂದಿದ್ಲು?" ಎಂದರು. "ಬರ್‍ರಿ, ಏನೂ ಆಗಂಗಿಲ್ಲ" ಎಂದೆ. ಬಂದರು. ಪಾದದ ಕೆಳಗಿನ ಮರಳು ಜಾರಿದಾಗ ನಾನೇ ಅವರ ಕೈ ಹಿಡಿದುಕೊಂಡೆ. ಜನರೆದುರು ಹಾಗೆ ಹಿಡಿದದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಅವರು ಕೇಳಿದರು. "ಅವ್ವಗ ಸಮುದ್ರ ನೋಡಿ ಖುಷಿ ಆತೇನು? ಏನೂ ಹೇಳಲೇ ಇಲ್ಲ ನೋಡು. ನಾನೇ ಹಟ ಮಾಡಿ ಕರಕೊಂಡು ಬಂದೆ. ಆಕಿಗೂ ಬ್ಯಾಸರ, ನಿನಗೂ ಬ್ಯಾಸರ ಮಾಡಿದೆ ಅನಸಾಕತ್ತೈತಿ."

"ಖುಷಿ ಆಗೈತಿ" ಎಂದೆ.

"ನಿನಗ ಹೆಂಗ ಗೊತ್ತು?"

"ಗೊತ್ತೈತಿ. ನನಗೂ ಆಗೈತಿ."

ಹೈದರಾಬಾದಿಗೆ ಬಂದ ಮೇಲೆ ನಮ್ಮ ಮನೆಯ ಮಾತು ಹತ್ತಕ್ಕೆ ನಿಲ್ಲಲಿಲ್ಲ. ದೊಡ್ಡದೇನೋ ಬದಲಾಯಿತೆಂದಲ್ಲ. ಒಲೆಯ ಮುಂದೆ ನಾನು ರೊಟ್ಟಿ ಬಡಿಯುವಾಗ ಅವರು ಬಂದು ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ತಮ್ಮೂರಿನ ಹೊಳೆ, ತಮ್ಮಪ್ಪ, ತಮ್ಮ ಸಿಟ್ಟಿನ ಅಜ್ಜಿ, ಹೀಗೆ ಸುರುವಾದರೆ ರೊಟ್ಟಿ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಜಗಳಗಳೂ ಆದವು. ಮಗಳು ಹುಟ್ಟಿದ ಮೇಲೆ ಅವಳಿಗೆ ಎಣ್ಣೆ ಹಚ್ಚುವುದು ಹೇಗೆಂದು ವಾರಗಟ್ಟಲೆ ಮುಖ ತಿರುಗಿಸಿಕೊಂಡದ್ದೂ ಉಂಟು. ಮತ್ತೊಮ್ಮೆ ನೀರಿಗೆ ಹೋಗಬೇಕೆಂದು ನಾವಿಬ್ಬರೂ ಎಷ್ಟೋ ಸಲ ಅಂದುಕೊಂಡೆವು. ಮಗಳ ಶಾಲೆ, ಗಂಡನ ಶಿಫ್ಟು, ಅತ್ತೆಯ ಮೊಣಕಾಲು. ಆಗಲಿಲ್ಲ.

ಅತ್ತೆ ಹದಿನೆಂಟು ವರ್ಷ ನಮ್ಮೊಂದಿಗಿದ್ದು ತೀರಿಕೊಂಡರು. ಅವರು ನೀರಿಗಿಳಿದ ವಿಷಯವನ್ನು ಅಲ್ಲಿಯವರೆಗೂ ನಾನು ಯಾರ ಮುಂದೆಯೂ ಹೇಳಿರಲಿಲ್ಲ. ವರ್ಷದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಗಂಡ ತಾಯಿಯ ಪೆಟ್ಟಿಗೆಯ ಮುಂದೆ ಕೂತು, "ಪಾಪ, ಅವ್ವ ತನಗಂತ ಏನೂ ಸುಖ ಪಡಲಿಲ್ಲ" ಎಂದರು. ಇನ್ನು ಹೇಳದೆ ಇರಬಾರದು ಅನಿಸಿತು. ಬಂಡೆಗಳ ನಡುವಿನ ನೀರು, ಆ ಹಸಿರು ಸೀರೆ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಮುಗಿಸಿದಾಗ ಅವರು ನೆಲ ನೋಡುತ್ತಿದ್ದರು. ತಾಯಿ ತನಗೆ ಹೇಳಲಿಲ್ಲವೆಂದು ನೊಂದುಕೊಂಡರೇನೋ ಎಂದು ನನಗೆ ಭಯವಾಯಿತು.

"ಭಾಳ ಹೊತ್ತು ತೇಲಿದ್ಲೇನು?" ಎಂದು ಕೇಳಿದರು.

"ಭಾಳ ಹೊತ್ತು" ಎಂದೆ.

"ಹೆಂಗ ತೇಲಿದ್ಲು, ತೋರಸು."

ನಾನು ಆ ಬರಿಯ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕೈ ಚಾಚಿ, ಕಣ್ಣು ಮುಚ್ಚಿ ತೋರಿಸಿದೆ.